ಮುದಿಯಪ್ಪ ಬೈದ ದಿನ

ಬೈಗುಳದ ವಿಷಯದಲ್ಲಿ ನಮ್ಮ ಕಡೆಯ ನಾಟಕದವರಿಗೆ ಬುದ್ಧಿಯಿಲ್ಲ ಎಂದು ನಾನು ಮೊದಲಿನಿಂದಲೂ ಹೇಳಿಕೊಂಡು ಬಂದವನು. ಪರದೆ ಎದ್ದ ಗಳಿಗೆಯಿಂದ ಖಳನಾಯಕ ಬಾಯಿ ಬಿಚ್ಚುತ್ತಾನೆ, ಜನ ಸಿಳ್ಳೆ ಹೊಡೆಯುತ್ತಾರೆ, ಎರಡನೆಯ ದೃಶ್ಯ ಬರುವಷ್ಟರಲ್ಲಿ ಅವನು ಯಾರ ತಾಯಿಗೆ ಏನಂದರೂ ಯಾರ ಕಿವಿಗೂ ಬೀಳುವುದಿಲ್ಲ. ಬೈದದ್ದೆಲ್ಲ ದಂಡ. ನಾನು ಕಳಕೇಶ ಮಾಸ್ತರ. ಗಜೇಂದ್ರಗಡದಲ್ಲಿ ಮೂವತ್ತೊಂದು ವರ್ಷ ಮಕ್ಕಳಿಗೆ ಪಾಠ ಹೇಳಿ ನಿವೃತ್ತನಾದವನು, ಸುತ್ತಲಿನ ಊರುಗಳಿಗೆ ಹದಿನಾಲ್ಕು ಸಾಮಾಜಿಕ ನಾಟಕ ಬರೆದುಕೊಟ್ಟವನು. ಹದಿನೈದನೆಯದರಲ್ಲಿ ಒಂದೇ ಒಂದು ಬೈಗುಳ ಇಡುತ್ತೇನೆ, ಅದನ್ನೂ ಎಂದೂ ಬೈಯದವನ ಬಾಯಿಂದ ಆಡಿಸುತ್ತೇನೆ, ಕೂತ ಜನಕ್ಕೆ ಉಸಿರು ಬಿಡುವುದು ಮರೆತುಹೋಗಬೇಕು ಎಂದು ಹಟ ಹಿಡಿದಿದ್ದೆ.

ಎಂದೂ ಬೈಯದವನನ್ನು ಹುಡುಕಿಕೊಂಡು ದೂರ ಹೋಗಬೇಕಾಗಿರಲಿಲ್ಲ. ನಮ್ಮ ನೇಕಾರ ಓಣಿಯಲ್ಲೇ ಮುದಿಯಪ್ಪ ಇದ್ದ. ಎಳೆ ಹರಿದರೆ ಬೇರೆ ನೇಕಾರರು ನೂಲು ಕೊಟ್ಟವನ ವಂಶವನ್ನೆಲ್ಲ ಜಾಲಾಡುತ್ತಾರೆ. ಮುದಿಯಪ್ಪ "ಎಲಾ ಇದರ, ನಿನ್ನ ಮನಿ ಬೆಳಗಲಿ" ಎಂದು ನೂಲನ್ನು ಹರಸಿ ಗಂಟು ಹಾಕುತ್ತಿದ್ದ. ಕಟ್ಟೆಯ ಮೇಲೆ ಒಣಗಿಸಿದ ಜೋಳಕ್ಕೆ ಬಾಯಿ ಹಾಕಿದ ಎಮ್ಮೆಗೂ "ಅತ್ತಾಗ ಸರೀರಿ" ಎನ್ನುವವನು. ವಯಸ್ಸಿನಲ್ಲಿ ನನಗಿಂತ ನಾಲ್ಕು ವರ್ಷ ದೊಡ್ಡವನಾದರೂ ಮೂವತ್ತು ವರ್ಷದ ಸ್ನೇಹದಲ್ಲಿ ಒಂದು ದಿನವೂ ನನ್ನೊಡನೆ 'ರಿ' ಬಿಟ್ಟು ಮಾತಾಡಿದವನಲ್ಲ. ಮೇಲಾಗಿ ಭಜನೆಯಲ್ಲಿ ಪಳಗಿದ ಗಂಟಲು, ನಿಂತರೆ ಸಭೆ ತುಂಬುವ ಆಳು. ನಾಟಕದ ಒಳ್ಳೆಯ ತಂದೆಯ ಪಾತ್ರಕ್ಕೆ ಇನ್ನಾರು ಬೇಕು?

ಆ ನಾಟಕದ ಕಥೆ ನನಗೆ ಸಿಕ್ಕಿದ್ದೂ ಅವನ ಬಾಯಿಂದಲೇ. ಇದನ್ನು ಮೊದಲೇ ಹೇಳಿಬಿಡುತ್ತೇನೆ. ಮುಚ್ಚಿಟ್ಟು ಒಳ್ಳೆಯವನಾಗುವ ಆಸೆ ಈಗ ಉಳಿದಿಲ್ಲ.

ಮುದಿಯಪ್ಪನಿಗೆ ಒಬ್ಬಳೇ ಮಗಳು, ಮಧುಮತಿ. ನರಗುಂದಕ್ಕೆ ಕೊಟ್ಟಿದ್ದರು. ಎರಡು ವರ್ಷದ ಹಿಂದೆ, ಪಂಚಮಿಗೆ ನಾಲ್ಕು ದಿನ ಇದೆ ಎನ್ನುವಾಗ, ಗಂಡ ಬೆಳಿಗ್ಗೆ ಅವಳನ್ನು ಗಾಡಿಯ ಮೇಲೆ ಕೂರಿಸಿಕೊಂಡು ಕೊಣ್ಣೂರಿನ ಕಡೆ ಹೊರಟ. ಹೊಳೆಯ ಆಚೆ ಯಾರೋ ನೆಂಟರ ಮನೆ ಎಂದು ಹೇಳಿದ್ದನಂತೆ. ಸೇತುವೆಯ ಮೇಲೆ ಗಾಡಿ ನಿಲ್ಲಿಸಿ, "ಪೆಟ್ರೋಲ್ ಹಾಕಿಸ್ಕೊಂಡ ಬರ್ತೀನಿ, ಇಲ್ಲೇ ಕುಂದ್ರು" ಎಂದು ಅವಳ ಬಟ್ಟೆ ತುಂಬಿದ ಚೀಲವನ್ನು ಕೈಗೆ ಕೊಟ್ಟು ಹೋದವನು ತಿರುಗಿ ಬರಲಿಲ್ಲ. ಗಂಡನ ಮನೆಯವರ ಫೋನುಗಳೆಲ್ಲ ಬಂದ್. ಆವತ್ತು ಮುದಿಯಪ್ಪ ಮಗಳ ಜೊತೆ ಫೋನಿನಲ್ಲಿ ಮಾತಾಡಿ ವಿಷಯ ತಿಳಿದು, ರೋಣದ ಬಸ್ಸು ಹಿಡಿದು, ಅಲ್ಲಿಂದ ಸಿಕ್ಕ ಗಾಡಿ ಹತ್ತಿ ಹೋಗಿ ಅವಳನ್ನು ಕರೆದುಕೊಂಡು ಬಂದ.

ಓಣಿಗೆ ಹೇಳಿದ್ದು ಬೇರೆ. ಮಗಳು ಪಂಚಮಿಗೆ ಬಂದಿದ್ದಾಳೆ ಎಂದರು. ಪಂಚಮಿ ಮುಗಿದ ಮೇಲೆ ಅಳಿಯ ದುಡಿಯಲು ಗೋವಾಕ್ಕೆ ಹೋಗಿದ್ದಾನೆ, ಅಲ್ಲಿ ಮನೆ ಸಿಕ್ಕ ಮೇಲೆ ಕರೆಸಿಕೊಳ್ಳುತ್ತಾನೆ ಎಂದರು. ಓಣಿ ನಂಬಿತು. ಮಧುಮತಿ ಮನೆಯಲ್ಲಿ ಕೂತು ಅಪ್ಪನಿಗೆ ಕಂಡಿಕೆಗೆ ನೂಲು ಸುತ್ತಿಕೊಡುತ್ತ, ನಾಲ್ಕು ಮಂದಿಯ ಕುಪ್ಪಸ ಹೊಲಿಯುತ್ತ, ತಲೆಯೆತ್ತಿಕೊಂಡು ಓಡಾಡುತ್ತಿದ್ದಳು. ಅಪ್ಪನ ಹತ್ತಿರ ಅವಳು ಕೇಳಿಕೊಂಡದ್ದು ಒಂದೇ. "ಬಿಟ್ಟು ಹ್ವಾದ ಅಂತ ಯಾರಿಗೂ ಗೊತ್ತಾಗಬಾರದು ಅಪ್ಪಾ. ಅಯ್ಯೋ ಪಾಪ ಅನಿಸ್ಕೊಂಡು ನಾ ಈ ಓಣ್ಯಾಗ ಬದುಕಂಗಿಲ್ಲ."

ಹೊಟ್ಟೆಯಲ್ಲಿಟ್ಟುಕೊಂಡು ಮುದಿಯಪ್ಪನಿಗೆ ಸಾಕಾಗಿತ್ತು. ಒಂದು ಮಧ್ಯಾಹ್ನ ನಾನು ಹೋದಾಗ ಮಗ್ಗದ ಕುಣಿಯಲ್ಲಿ ಕಾಲಿಳಿಬಿಟ್ಟು ಕೂತಿದ್ದವನು ಲಾಳಿ ನಿಲ್ಲಿಸಿ ಎಲ್ಲವನ್ನೂ ಹೇಳಿದ. "ಬೆಳಿಗ್ಗೆ ಕುಂತಾಕಿ ಸಂಜಿತನಕ ಎದ್ದಿಲ್ರಿ ಮಾಸ್ತರ. ನೀರ ಕುಡ್ಯಾಕ ಹ್ವಾದ್ರ, ಅಷ್ಟ್ರಾಗ ಅವ ಬಂದು ಹುಡುಕ್ಯಾಡಿ ಹೊಳ್ಳಿ ಹೋದಾನು ಅಂತ ಅಲ್ಲೇ ಕುಂತಿದ್ಲಂತ." ಹೇಳಿ ಮುಗಿಸಿ ನನ್ನ ಅಂಗೈಯನ್ನು ತೆಗೆದುಕೊಂಡು ಮಗ್ಗದ ಮೇಲೆ ಇಡಿಸಿದ. ನೇಕಾರರಿಗೆ ಅದಕ್ಕಿಂತ ದೊಡ್ಡ ಆಣೆ ಇಲ್ಲ. "ಈ ಮಾತು ಈ ಕುಣಿ ಬಿಟ್ಟು ಹೊರಗ ಬರಬಾರದ್ರಿ" ಎಂದ.

"ಬರೂದಿಲ್ಲೋ ಮಾರಾಯಾ" ಎಂದೆ. ಮನೆಗೆ ಬಂದವನು ಮೊದಲನೆಯ ಅಂಕ ಬರೆಯಲು ಶುರುಮಾಡಿದೆ.

ಮೋಸ ಎಂದು ಆಗ ಅನಿಸಲಿಲ್ಲ. ಹೆಸರು ಬದಲಿಸಿದ್ದೆನಲ್ಲ! ಸೇತುವೆಯನ್ನು ತೆಗೆದು ಬಸ್ ನಿಲ್ದಾಣ ಮಾಡಿದೆ, ನರಗುಂದವನ್ನು ಹೆಸರಿಲ್ಲದ ಪೇಟೆ ಮಾಡಿದೆ, ನೇಕಾರನನ್ನು ಒಕ್ಕಲಿಗ ಮಾಡಿದೆ. ಆ ನೀರಿನ ಮಾತೊಂದನ್ನು ಮಾತ್ರ ಬದಲಿಸಲು ಕೈ ಬರಲಿಲ್ಲ. ಎರಡು ಸಲ ಹೊಡೆದುಹಾಕಿ ಎರಡು ಸಲವೂ ತಿರುಗಿ ಬರೆದೆ. ಅಂಥ ಮಾತು ನನ್ನ ಹದಿನಾಲ್ಕು ನಾಟಕಗಳಲ್ಲಿ ಒಂದರಲ್ಲೂ ಇರಲಿಲ್ಲ. ಮಗಳು ಆ ಮಾತಾಡಿದ ಕೂಡಲೇ ತಂದೆ ಅಳಿಯನ ಕಡೆ ತಿರುಗಿ ಬೈಯಬೇಕು, ಅಲ್ಲಿಗೆ ಪರದೆ. ನೇಕಾರರ ಸಮುದಾಯ ಭವನದ ಉದ್ಘಾಟನೆಗೆ ಆಡುವ ನಾಟಕ. ಬೆಳವಣಕಿ, ರೋಣದಿಂದಲೂ ಜನ ಬರುತ್ತಾರೆ ಎಂದು ನಾನು ಹಿಗ್ಗಿದ್ದೇ ಹಿಗ್ಗಿದ್ದು.

ಮುದಿಯಪ್ಪನಿಗೆ ಇದು ಗೊತ್ತಾಗದೆ ಹೇಗೆ ಉಳಿಯಿತು ಎಂದು ಕೇಳಬಹುದು. ನಮ್ಮಲ್ಲಿ ಇಡೀ ನಾಟಕವನ್ನು ಯಾರ ಕೈಗೂ ಕೊಡುವ ಪದ್ಧತಿಯಿಲ್ಲ. ಒಬ್ಬೊಬ್ಬರಿಗೆ ಒಂದೊಂದು ನೋಟ್‌ಬುಕ್ಕಿನಲ್ಲಿ ಅವರವರ ಪಾರ್ಟು ಮಾತ್ರ ಬರೆದು ಕೊಡುತ್ತೇವೆ. ಹಿಂದಿನವರ ಮಾತಿನ ಕೊನೆಯ ಎರಡು ಪದ, ಕೆಳಗೆ ಇವರ ಮಾತು. ಆ ಎರಡು ಪದ ಕಿವಿಗೆ ಬಿದ್ದಾಗ ಬಾಯಿ ತೆರೆದರಾಯಿತು. ಎಲ್ಲರೂ ಒಂದು ಕಡೆ ಸೇರಿ ಪೂರ್ತಿ ಆಡುವ ದಿನ ಬರುವವರೆಗೆ ಕಥೆ ಏನೆಂದು ಬರೆದವನಿಗೆ ಬಿಟ್ಟು ಇನ್ನೊಬ್ಬರಿಗೆ ಸರಿಯಾಗಿ ಗೊತ್ತಿರುವುದಿಲ್ಲ. ಮಗಳ ಪಾತ್ರಕ್ಕೆ ಗದಗಿನಿಂದ ಭಾಗ್ಯಾ ಎಂಬ ಕಲಾವಿದೆಯನ್ನು ಕರೆಸುವುದಿತ್ತು. ಅವಳು ಬರುವತನಕ ಅವಳ ಮಾತುಗಳನ್ನು ನಾನೇ ಕೊನೆಯ ಎರಡು ಪದ ಹೇಳಿ ದಾಟಿಸುತ್ತಿದ್ದೆ.

ಮುದಿಯಪ್ಪನ ನೋಟ್‌ಬುಕ್ಕಿನ ಕೊನೆಯ ಹಾಳೆಯಲ್ಲಿ ಇದ್ದದ್ದು ಇಷ್ಟೇ. ಮೇಲೆ 'ಏಳಲಿಲ್ಲ ಅಪ್ಪಾ.' ಕೆಳಗೆ 'ಭಾಡಕಾವ್! ನನ್ನ ಮನಿ ಹಾಳ ಮಾಡಿದೆಲ್ಲಲೇ!'

"ಇದು ಯಾಕ್ರಿ ಮಾಸ್ತರ?" ಎಂದು ಮೊದಲನೆಯ ದಿನವೇ ಕೇಳಿದ್ದ. ಭಾಡಕಾವ್ ಎಂದರೆ ಹೆಣ್ಣುಮಕ್ಕಳನ್ನು ಬಾಡಿಗೆಗೆ ಬಿಟ್ಟು ಹೊಟ್ಟೆ ಹೊರೆಯುವವನು. ನಮ್ಮ ಸಂತೆಯಲ್ಲಿ ಹತ್ತು ಹೆಜ್ಜೆಗೊಮ್ಮೆ ಕೇಳಿಬರುವ ಮಾತು, ಆದರೆ ಮುದಿಯಪ್ಪ ಅದನ್ನು ಓದುವಾಗಲೂ ದನಿ ತಗ್ಗಿಸಿದ. "ಅವಗ ಇಷ್ಟು ದೊಡ್ಡ ಮಾತು ಯಾಕ ಅನ್ನೂದು?"

"ಅವ ನಿನ್ನ ಹೊಲಾ ಹೊಡಕೊಂಡಾನ" ಎಂದು ಸುಳ್ಳು ಹೇಳಿದೆ.

"ಹೊಲಾ ಹ್ವಾದ್ರ ಹೋತು. ಬಾಯಿ ಯಾಕ ಕೆಡಿಸ್ಕೋಬೇಕ್ರಿ?"

ಹದಿನೈದು ದಿನ ಸಂಜೆ ಅವನಿಗೆ ಬೈಯಲು ಕಲಿಸಿದೆ. ಪಡಬಾರದ ಪಾಡು. ಅಳಿಯನ ಪಾತ್ರ ಮಾಡುತ್ತಿದ್ದವನು ಬಜಾರದ ಕಿರಾಣಿ ವ್ಯಾಪಾರಿ ದ್ಯಾಮಪ್ಪ. ಅವನ ಎದುರು ಮುದಿಯಪ್ಪ ನಿಂತು, ಗಂಟಲು ಸರಿಮಾಡಿಕೊಂಡು, "ಭಾಡಕಾವ್ ಅದೀರಿ ನೀವು" ಎಂದ. ಎಲ್ಲರೂ ಬಿದ್ದು ಬಿದ್ದು ನಕ್ಕರು. ಹಾರ್ಮೋನಿಯಂ ಬಾರಿಸುತ್ತಿದ್ದ ಮದರಸಾಬ ಕಣ್ಣೊರೆಸಿಕೊಂಡು, "ಮುದಿಯಪ್ಪಣ್ಣಾ, ಬೀಗರನ್ನ ಊಟಕ್ಕ ಕರದಾಂಗ ಆತು ಅದು" ಎಂದ. 'ರಿ' ಬಿಡಿಸಲು ನಾಲ್ಕು ದಿನ ಹಿಡಿಯಿತು. 'ಲೇ' ಹಚ್ಚಲು ಇನ್ನೂ ನಾಲ್ಕು ದಿನ. ಕಡೆಗೆ ಹೇಗೋ ಹೇಳಿದ, ಆದರೆ ಶಾಲೆಯ ಹುಡುಗ ಮಗ್ಗಿ ಒಪ್ಪಿಸಿದ ಹಾಗೆ. ಹೇಳಿ ಮುಗಿದ ಕೂಡಲೇ ದ್ಯಾಮಪ್ಪನ ಎರಡೂ ಕೈ ಹಿಡಿದು, "ತಪ್ಪ ತಿಳೀಬ್ಯಾಡ್ರಿ ಸಾವಕಾರ್ರ" ಎಂದು ಬೇಡಿಕೊಳ್ಳುತ್ತಿದ್ದ. ನನಗೆ ತಲೆ ಚಚ್ಚಿಕೊಳ್ಳುವಂತಾಗುತ್ತಿತ್ತು. ಭಾಗ್ಯಾ ಬಂದು ಆ ಮಾತನ್ನು ಪೂರ್ತಿ ಆಡಿದರೆ ಇವನಿಗೆ ತಾನಾಗಿ ಸಿಟ್ಟು ಬರುತ್ತದೆ ಎಂದುಕೊಂಡೆ. ಹೌದು, ಅಷ್ಟನ್ನೂ ಲೆಕ್ಕ ಹಾಕಿದ್ದೆ. ತನ್ನ ಸಂಕಟವನ್ನು ಒಬ್ಬನಾದರೂ ಬರೆದನಲ್ಲ ಎಂದು ಅವನು ನನ್ನ ಹೆಗಲ ಮೇಲೆ ತಲೆಯಿಟ್ಟು ಅಳುವುದನ್ನೂ ಊಹಿಸಿಕೊಂಡಿದ್ದೆ. ಇಷ್ಟು ದಡ್ಡನಾಗಿ ಮೂವತ್ತೊಂದು ವರ್ಷ ಮಕ್ಕಳಿಗೆ ಏನು ಕಲಿಸಿದೆನೋ ಗೊತ್ತಿಲ್ಲ.

ಅಮಾವಾಸ್ಯೆಯ ದಿನ ನಮ್ಮ ಓಣಿಯಲ್ಲಿ ಮಗ್ಗ ಮುಟ್ಟುವುದಿಲ್ಲ. ಎಲ್ಲರಿಗೂ ಬಿಡುವು ಎಂದು ಪೂರ್ತಿ ತಾಲೀಮನ್ನು ಆ ಬೆಳಿಗ್ಗೆಗೇ ಇಟ್ಟುಕೊಂಡಿದ್ದೆವು. ಸಮುದಾಯ ಭವನಕ್ಕೆ ಇನ್ನೂ ಬಣ್ಣ ಹಚ್ಚಿರಲಿಲ್ಲ, ಗೋಡೆಯ ಗಿಲಾವಿನ ಹಸಿ ವಾಸನೆ ಹೊಡೆಯುತ್ತಿತ್ತು. ಸುದ್ದಿ ತಿಳಿದು ಓಣಿಯ ಅರ್ಧ ಜನ ಬಂದು ಕೂತಿದ್ದರು. ಬಾಗಿಲ ಕಡೆ ಹೆಂಗಸರು. ಅವರ ನಡುವೆ ಮಧುಮತಿ ಕೂತಿದ್ದಳು. ಅವಳು ಬರುತ್ತಾಳೆ ಎಂದು ನಾನು ಎಣಿಸಿರಲಿಲ್ಲ. ಆಗಲೇ ತಾಲೀಮು ನಿಲ್ಲಿಸಬಹುದಿತ್ತು, ಹೊಟ್ಟೆನೋವು ಎಂದು ಎದ್ದು ಹೋಗಬಹುದಿತ್ತು. ನಿಲ್ಲಿಸಲಿಲ್ಲ. ಹೆಸರು ಬದಲಿಸಿದ್ದೇನೆ, ಊರು ಬದಲಿಸಿದ್ದೇನೆ ಎಂದು ನನಗೆ ನಾನೇ ಹೇಳಿಕೊಂಡು ಕನ್ನಡಕ ಏರಿಸಿದೆ.

ಮೊದಲ ಎರಡು ಅಂಕ ಚೆನ್ನಾಗಿಯೇ ನಡೆದವು. ದ್ಯಾಮಪ್ಪ ನಗಿಸಿದ, ಮುದಿಯಪ್ಪ ಹಾಡಿದ, ಮಧುಮತಿಯೂ ಉಳಿದವರ ಜೊತೆ ಚಪ್ಪಾಳೆ ಹೊಡೆದಳು. ಕೊನೆಯ ದೃಶ್ಯಕ್ಕೆ ಭಾಗ್ಯಾ ಕೈಯಲ್ಲಿ ಒಂದು ಬಟ್ಟೆಯ ಚೀಲ ಹಿಡಿದುಕೊಂಡು ಬಂದಳು. ಚೀಲದ ಮಾತನ್ನು ನಾನೇ ಬರೆದಿದ್ದೆ. ಮುದಿಯಪ್ಪ ಆ ಚೀಲವನ್ನು ನೋಡಿದ. ಹುಬ್ಬು ಸ್ವಲ್ಪ ಗಂಟಾಯಿತು, ಅಷ್ಟೇ.

ಭಾಗ್ಯಾ ಪಳಗಿದ ಹೆಣ್ಣು. ಕೂಗಾಡಲಿಲ್ಲ, ಎದೆ ಬಡಿದುಕೊಳ್ಳಲಿಲ್ಲ. ನೆಲ ನೋಡುತ್ತ ಮೆತ್ತಗೆ ಹೇಳಿದಳು. "ಬೆಳಿಗ್ಗೆ ಕುಂತಾಕಿ ಸಂಜಿತನಕ ಕುಂತೆ ಅಪ್ಪಾ. ಎದ್ದು ಹ್ವಾದ್ರ ಅಷ್ಟ್ರಾಗ ಅವರು ಬಂದು, ನನ್ನ ಹುಡುಕ್ಯಾಡಿ ಹೊಳ್ಳಿ ಹೋದಾರು ಅಂತ, ನೀರ ಕುಡ್ಯಾಕೂ ಏಳಲಿಲ್ಲ ಅಪ್ಪಾ."

ಮದರಸಾಬ ಹಾರ್ಮೋನಿಯಂನ ಒಂದೇ ಸ್ವರವನ್ನು ಒತ್ತಿ ಹಿಡಿದಿದ್ದ. ಮುದಿಯಪ್ಪನ ಮಾತು ಬರಬೇಕಿತ್ತು. ಬರಲಿಲ್ಲ. ಅವನು ಭಾಗ್ಯಾಳ ಮುಖವನ್ನೇ ನೋಡುತ್ತ ನಿಂತ. ಮಾತು ಮರೆತಿದ್ದಾನೆ ಎಂದುಕೊಂಡು ನಾನು ಕೆಳಗಿನಿಂದ ಪಿಸುದನಿಯಲ್ಲಿ ಹೇಳಿಕೊಟ್ಟೆ. "ಭಾಡಕಾವ್... ಮುದಿಯಪ್ಪಾ, ಭಾಡಕಾವ್ ಅನ್ನು."

ಅವನು ದ್ಯಾಮಪ್ಪನ ಕಡೆ ತಿರುಗಲಿಲ್ಲ. ನನ್ನ ಕಡೆ ತಿರುಗಿದ.

"ಭಾಡಕಾವ್!"

ಆ ದನಿಯನ್ನು ನಾನು ಹಿಂದೆ ಕೇಳಿರಲಿಲ್ಲ, ಅದು ಅವನ ದನಿಯಾಗಿರಲಿಲ್ಲ. ಮೇಲಿನ ತಗಡಿಗೆ ಬಡಿದು ಬಂತು. ಬಾಗಿಲಲ್ಲಿ ಯಾರದೋ ಕೂಸು ಬೆಚ್ಚಿ ಅತ್ತಿತು. ಒಂದು ಗಳಿಗೆ ಭವನದಲ್ಲಿ ಯಾರೂ ಉಸಿರಾಡಲಿಲ್ಲ. ಆಮೇಲೆ ಚಪ್ಪಾಳೆ! "ವ್ಹಾ ಮುದಿಯಪ್ಪಣ್ಣಾ!" ಎಂದು ದ್ಯಾಮಪ್ಪ ಕೂಗಿದ. ಹಿಂದಿನಿಂದ ಸಿಳ್ಳೆ ಬಿತ್ತು. ನನ್ನ ಪಾಪವನ್ನು ಇಲ್ಲೇ ಹೇಳಿಬಿಡುತ್ತೇನೆ. ನನ್ನ ಮೈ ಜುಮ್ಮೆಂದಿತು. ಬಂತು, ಕೊನೆಗೂ ಬಂತು ಎಂದು ನಾನೂ ಚಪ್ಪಾಳೆಗೆ ಕೈ ಎತ್ತಿದೆ.

ಮುದಿಯಪ್ಪ ವೇದಿಕೆಯಿಂದ ಇಳಿದು ಬರುತ್ತಿದ್ದ. ಆ ಇಳಿಯುವುದು ನಾಟಕದಲ್ಲಿ ಇರಲಿಲ್ಲ.

"ನಿನಗ ಹೇಳಿದ್ನಲ್ಲಲೇ" ಎಂದ. "ಮಗ್ಗದ ಮ್ಯಾಲ ಕೈ ಇಡಿಸಿ ಹೇಳಿದ್ನಲ್ಲಲೇ ಸೂಳಿಮಗನ! ಅನ್ನಾ ತಿಂತೀಯೋ ಏನ್ ತಿಂತೀಯೋ? ನನ್ನ ಮಗಳ ಮಾತು ತಂದು ಇಲ್ಲೆ ಆಟಕ್ಕ ಹಚ್ಚೀಯೇನಲೇ? ಕೊಣ್ಣೂರ ಸೇತುವಿ ಮ್ಯಾಲ ನನ್ನ ಮಗಳು ಉಪಾಸ ಕುಂತದ್ದು ನಿನಗ ನಾಟಕೇನಲೇ, ಭಾಡ್ಯಾ?"

ಚಪ್ಪಾಳೆ ಒಂದೊಂದಾಗಿ ನಿಂತಿತು. ಮದರಸಾಬ ಹಾರ್ಮೋನಿಯಂ ಮೇಲಿನ ಬೆರಳು ತೆಗೆದ. ಮೂವತ್ತು ವರ್ಷ ನನ್ನನ್ನು 'ಬರ್ರಿ ಮಾಸ್ತರ, ಕುಂದರ್ರಿ ಮಾಸ್ತರ' ಎಂದವನು ನನ್ನ ಅಂಗಿಯ ಎದೆಯನ್ನು ಹಿಡಿದು ನಿಂತಿದ್ದ. ಹೊಡೆಯಲಿ ಎಂದುಕೊಂಡೆ. ಹೊಡೆಯಲಿಲ್ಲ. ಭವನದ ಮೌನ ಅವನ ಕಿವಿಗೂ ಬಿತ್ತು. ತಾನು ಏನು ಹೇಳಿದೆ, ಯಾರೆದುರು ಹೇಳಿದೆ ಎಂಬುದು ಅವನಿಗೆ ಆಗ ತಿಳಿಯಿತು. ಎರಡು ವರ್ಷ ಗಂಡ, ಹೆಂಡತಿ, ಮಗಳು ಮೂವರೂ ಹಲ್ಲು ಕಚ್ಚಿ ಕಾಪಾಡಿಕೊಂಡು ಬಂದದ್ದನ್ನು ನಾನು ಅರ್ಧ ಹೊರಗೆ ಹಾಕಿದ್ದೆ. ಉಳಿದರ್ಧವನ್ನು ಅವನೇ, ಅವನ ಬಾಯಿಂದಲೇ, ಊರು ಹೆಸರು ಸಮೇತ ಹೊರಗೆ ಹಾಕಿದ್ದ. ಅವನು ನನ್ನ ಅಂಗಿಯನ್ನು ಬಿಟ್ಟ. ಬಾಗಿಲ ಕಡೆ ನೋಡುವ ಧೈರ್ಯವಾಗದೆ ನೆಲ ನೋಡಿದ.

ಎಲ್ಲರೂ ಬಾಗಿಲ ಕಡೆಯೇ ನೋಡುತ್ತಿದ್ದರು. ಮಧುಮತಿಯ ಪಕ್ಕದ ಹೆಂಗಸೊಬ್ಬಳು ಆಗಲೇ ಬಾಯಿಗೆ ಸೆರಗು ಹಚ್ಚಿ "ಅಯ್ಯೋ ಶಿವನ, ಪಾಪ" ಎಂದಳು. ಮಧುಮತಿ ಎದ್ದು ನಿಂತಳು. ಓಡಿ ಹೋಗುತ್ತಾಳೆ ಎಂದುಕೊಂಡೆ. ಅವಳು ಜನರನ್ನು ದಾಟಿಕೊಂಡು ಮುಂದಕ್ಕೆ ಬಂದಳು.

"ಹೌದು, ಅದು ನಾನ" ಎಂದಳು. ಎಲ್ಲರಿಗೂ ಕೇಳುವಷ್ಟು ಗಟ್ಟಿಯಾಗಿ. "ಗೋವಾ ಗೀವಾ ಏನಿಲ್ಲ. ಸೇತುವಿ ಮ್ಯಾಲ ಬಿಟ್ಟು ಹ್ವಾದ. ಇಷ್ಟ ದಿನಾ ಸುಳ್ಳು ಹೇಳಿದ್ವಿ." ಆಮೇಲೆ ನನ್ನ ಕಡೆ ತಿರುಗಿದಳು. "ಆದ್ರ ಕಾಕಾ, ನೀವು ಬರದದ್ದೂ ಖರೇ ಅಲ್ಲರಿ."

"ಯಾವುದವಾ?" ಎಂದೆ. ಆ ಹೊತ್ತಿನಲ್ಲೂ ನನ್ನ ಬರಹ ಎಲ್ಲಿ ತಪ್ಪಿತು ಎಂದು ಕೇಳಿದವನು ನಾನು. ನನ್ನ ಬಗ್ಗೆ ಇನ್ನು ಬೇರೆ ಹೇಳಬೇಕಾಗಿಲ್ಲ.

"ನಾ ಅವನ ಹಾದಿ ಕಾಯ್ಕೋತ ಕುಂತಿರಲಿಲ್ಲರಿ. ಚೀಲಾ ಕೈಯಾಗ ಕೊಟ್ಟಾಗ ನನಗ ಗೊತ್ತಾಗಿತ್ತು, ಇವ ಬರೂದಿಲ್ಲ ಅಂತ. ಪೆಟ್ರೋಲ್ ಹಾಕಿಸಾಕ ಯಾರಾದ್ರೂ ಅರಬಿ-ಬಟ್ಟಿ ಚೀಲಾ ಕೊಟ್ಟು ಹೋಗ್ತಾರೇನ್ರಿ? ಹಾದಿ ಕಾಯ್ತಿದ್ದೆ ಅಂತ ಅಪ್ಪಗ ನಾ ಸುಳ್ಳ ಹೇಳಿದ್ದೆ." ಒಂದು ಸಲ ಉಸಿರೆಳೆದುಕೊಂಡಳು. "ನಾ ಹೊಳಿ ನೋಡ್ಕೋತ ಕುಂತಿದ್ದೆ. ಆ ವರ್ಷ ಹೊಳಿ ತುಂಬಿತ್ತು."

ಮುದಿಯಪ್ಪ ತಲೆ ಎತ್ತಿದ. "ಏನಂದಿ?" ಎಂದ. ದನಿ ತಿರುಗಿ ಅವನದೇ ಆಗಿತ್ತು, ಅದಕ್ಕಿಂತಲೂ ಸಣ್ಣದಾಗಿತ್ತು. "ಏನಂದೆವಾ?"

"ಹೊಳಿಗೆ ಹಾರೂಣು ಅಂತ ಕುಂತಿದ್ದೆ ಅಪ್ಪಾ. ಮಂದಿ ಅಡ್ಡಾಡ್ತಿದ್ರು. ಸ್ವಲ್ಪ ಕಡಿಮಿ ಆಗಲಿ ಅಂತ ನೋಡ್ತಿದ್ದೆ. ಕಡಿಮಿ ಆದ್ರು. ಚಪ್ಪಲಿ ಬಿಟ್ಟಿದ್ದೆ."

ಬಾಗಿಲಲ್ಲಿ ಅಯ್ಯೋ ಪಾಪ ಎಂದ ಹೆಂಗಸು ಬಾಯಿಗೆ ಹಚ್ಚಿದ ಸೆರಗನ್ನು ಕೆಳಗೆ ಬಿಟ್ಟಳು. ನಾನು ಗೋಡೆ ಹಿಡಿದುಕೊಂಡೆ. ಎರಡು ವರ್ಷ ಆ ಮಾತು ಅವಳೊಳಗಿತ್ತು. ನಾನು ಕಂಡಿಕೆ ಸುತ್ತುವ ಹುಡುಗಿಯನ್ನು ದಿನಾ ನೋಡಿದ್ದೆ, ಅವಳು ಕೊಟ್ಟ ಚಹಾ ಕುಡಿದಿದ್ದೆ.

"ಮತ್ತ..." ಎಂದ ಮುದಿಯಪ್ಪ.

"ಮತ್ತೇನು, ನಿನ್ನ ಫೋನ್ ಬಂತು" ಎಂದಳು ಮಧುಮತಿ. "ನಾಕೂವರಿಗೆ. ಊಟಾ ಮಾಡೀಯೇನವಾ ಅಂತ ಕೇಳಿದಿ. ಇಲ್ಲ ಅಂದೆ. ಖರೇನ ಭಾಳ ಹಸಿದಿತ್ತು ನನಗ."

ಮುದಿಯಪ್ಪ ಗಾರೆಯ ನೆಲದ ಮೇಲೆ ಹಾಗೇ ಕುಸಿದು ಕೂತ. ಅತ್ತಿದ್ದರೆ ನೋಡಿ ಸಹಿಸಬಹುದಿತ್ತು. ಅವನು ಅಳಲಿಲ್ಲ. ಎರಡೂ ಅಂಗೈಗಳನ್ನು ನೆಲದ ಮೇಲೆ ಒತ್ತಿ ಹಿಡಿದು ಮಗಳ ಪಾದಗಳನ್ನೇ ನೋಡಿದ.

"ದಿನಾ ಮಧ್ಯಾಹ್ನ ಒಂದ ಗಂಟೆಕ್ಕ ಫೋನ್ ಮಾಡ್ತಿದ್ದೆ" ಎಂದ. "ಅವತ್ತ ಮಗ್ಗಕ್ಕ ಹೊಸಾ ಹಾಸು ಕೆಚ್ಚಾಕ ಕುಂತಿದ್ನೆವಾ. ಎಳಿಗೆ ಎಳಿ ಗಂಟು ಹಾಕೋತ ಮರ್ತೇ ಬಿಟ್ಟಿದ್ದೆ. ಮರ್ತೇ ಬಿಟ್ಟಿದ್ದೆ. ನಿಮ್ಮವ್ವ ನೆನಪ ಮಾಡಿದ್ಲು."

ಮಧುಮತಿ ಅವನ ಪಕ್ಕಕ್ಕೆ ಹೋಗಿ ಕೂತಳು. ಓಣಿಯ ಜನರಲ್ಲಿ ಒಬ್ಬರೂ ಜಾಗ ಬಿಟ್ಟು ಕದಲಲಿಲ್ಲ. ನಾನು ಅವರ ಹತ್ತಿರ ಹೋಗಬೇಕೆಂದು ಒಂದು ಹೆಜ್ಜೆ ಇಟ್ಟೆ. ಅವಳು ತಲೆ ಎತ್ತಿ ನನ್ನನ್ನು ನೋಡಿದಳು, ಅಲ್ಲಿಗೇ ನಿಂತೆ.